ಗೋಲಿಯ ಜಾಗ

"ಥೂ ಬೇವರ್ಸಿ! ಹಿಡಿಯುವುದೂ ಇವಳೇ, ಗೋಲು ಹಾಕುವುದೂ ಇವಳೇ! ನೀನು ಯಾರ ಕಡೆ ಆಡುವುದು ಮಾರಾಯ್ತಿ?"

ಸಣ್ಣ ಧಣಿ ಯತಿನ್ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಂತು ಕಿರುಚಿದ. ಕಿನ್ನಿಗೆ ತನ್ನ ತಪ್ಪೇನೆಂದು ಹೊಳೆಯಲಿಲ್ಲ. ಚೆಂಡು ಬಂದಿತ್ತು, ಹಿಡಿದಿದ್ದಳು. ಹಿಡಿದದ್ದನ್ನು ಜೋಪಾನವಾಗಿ, ಎಂದಿನಂತೆ, ತಿರುಗಿ ಬೆನ್ನ ಹಿಂದೆ ಇಟ್ಟಿದ್ದಳು. ಬೆನ್ನ ಹಿಂದೆ ಇದ್ದದ್ದು ಗೋಲಿನ ಬಲೆ.

ಹಳೆ ಮನೆಗಳ ಮಾಡು ಇಳಿಸಿ ಇಳಿಸಿ ಪಳಗಿದ ಕೈ ಅದು. ಮೇಲಿನಿಂದ ಗಂಡ ಕೂಸಪ್ಪ ಹಂಚು ಬಿಡುತ್ತಿದ್ದ. ಕೆಳಗೆ ನಿಂತವಳು ಹಿಡಿಯಬೇಕು, ಹಿಂದೆ ಅಟ್ಟಿ ಹಾಕಬೇಕು, ತಲೆ ಎತ್ತುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹಂಚಿಗೆ ಹೋಲಿಸಿದರೆ ಚೆಂಡು ಹತ್ತಿ. ಬಿದ್ದರೆ ಒಡೆಯುವುದಿಲ್ಲ, ಕೂಲಿಯಲ್ಲಿ ಮುರಿಯುವುದೂ ಇಲ್ಲ. ಇಷ್ಟು ಸುಲಭದ ಕೆಲಸಕ್ಕೆ ದೊಡ್ಡ ಮನುಷ್ಯರು ಇಷ್ಟು ಬೊಬ್ಬೆ ಹೊಡೆಯುವುದು ಯಾಕೆಂದು ಅವಳಿಗೆ ಆಶ್ಚರ್ಯವೇ ಆಗಿತ್ತು.

"ಅತ್ತಿಗೆ, ಅಟ್ಟಿ ಹಾಕ್ಬೇಡಿ" ಎಂದ ಮೈದುನ ಬಟ್ಯ, ನಗು ತಡೆಯಲಾರದೆ. "ಇದು ಒಂದೇ ಹಂಚು. ಇದನ್ನೇ ಪುನಃ ಪುನಃ ಬಿಸಾಡುವುದು ಅವರು. ಬೇರೆ ಇಲ್ಲ ಪಾಪ."

ಗದ್ದೆಯ ಬದಿಗೆ ಕಟ್ಟಿದ್ದ ಬ್ಯಾನರಿನ ಮೇಲಿನ ಸಾಲು ಹೀಗಿತ್ತು: ಮನೆಯಿಲ್ಲದವರಿಗಾಗಿ ಬೀದಿ ಫುಟ್‌ಬಾಲ್. ಕೆಳಗಿನ ಸಾಲು: ನಿಮ್ಮ ಕನಸಿನ ವಿಲ್ಲಾ ಇಲ್ಲಿಯೇ, ನೆಕ್ರಾಜೆಯ ಹಸಿರು ಮಡಿಲಲ್ಲಿ. ಎರಡು ಸಾಲುಗಳ ನಡುವೆ ಯತಿನ್‌ನ ಅಪ್ಪ ಪ್ರೇಮನಾಥ ಧಣಿಗಳು ಕೈಮುಗಿದು ನಿಂತಿದ್ದರು. ಹಸಿರು ಮಡಿಲಿಗೆ ಅವರು ಬೇಸಗೆಯಲ್ಲೇ ಲೋಡುಗಟ್ಟಲೆ ಕೆಂಪು ಮಣ್ಣು ತುಂಬಿಸಿ ಗಟ್ಟಿ ಮಾಡಿಸಿದ್ದರು. ಬದುವಿನ ಮೇಲಿದ್ದ ಕೂಸಪ್ಪನ ಗುಡಿಸಲು ಆ ಮಣ್ಣಿನ ದಾರಿಗೆ ಅಡ್ಡವಾಗಿತ್ತು, ಈಗ ಅಡ್ಡವಿಲ್ಲ. ಒಲೆ ಇದ್ದ ಜಾಗದಲ್ಲಿ ಐಸ್‌ಕ್ರೀಮಿನವನು ಕೊಡೆ ಊರಿದ್ದ.

ಪಿ.ಟಿ. ಮಾಸ್ಟ್ರು ವಿಷ್ಣುಪ್ರಸಾದ ಸುಣ್ಣದ ಡಬ್ಬಿ ಹಿಡಿದು ಗೋಲಿನ ಎದುರು ಒಂದು ಅರ್ಧ ಚಂದ್ರ ಬರೆದರು. ಮೆದು ಮನುಷ್ಯ, ತಂಡದವರಿಗೆ ಏನು ಕೊಡುವುದಿದ್ದರೂ ನೆಲದ ಮೇಲೆ ಇಟ್ಟು ಕೊಡುತ್ತಿದ್ದರು, ಅದೂ ಬಹಳ ಮೆದುವಾಗಿ.

"ಕಿನ್ನಿ, ನೀನು ಗೋಲಿ. ಗೋಲು ಕಾಯುವವಳು. ಈ ಗೆರೆ ದಾಟಿ ನೀನು ಹೊರಗೆ ಬರ್ಲಿಕ್ಕಿಲ್ಲ. ಬೇರೆ ಯಾರೂ ಒಳಗೆ ಬರ್ಲಿಕ್ಕಿಲ್ಲ. ಇದು ಬೀದಿ ಫುಟ್‌ಬಾಲಿನ ಕಾನೂನು."

"ಯಾರೂ ಅಂದ್ರೆ?"

"ಯಾರೂ ಅಂದ್ರೆ ಯಾರೂ."

"ಧಣಿಗಳು?"

ಮಾಸ್ಟ್ರು ನಕ್ಕರು. "ಧಣಿಗಳೂ ಬರ್ಲಿಕ್ಕಿಲ್ಲ. ಬಂದ್ರೆ ಪೆನಾಲ್ಟಿ."

ಕಿನ್ನಿ ಬಗ್ಗಿ ಗೆರೆಯನ್ನು ನೋಡಿದಳು. ಒಂದು ಚಾಪೆ, ಒಂದು ಒಲೆ, ಒಂದು ಕೊಡಪಾನ ಹಿಡಿಯುವಷ್ಟು ಜಾಗ. ಚೆಂಡು ಇನ್ನೊಮ್ಮೆ ಬಂತು. ಹಿಡಿದಳು. ಈ ಸಲ ಅದನ್ನು ಗೆರೆಯಾಚೆ ಎಸೆದಳು, ಅಂಗಳಕ್ಕೆ ಬಂದ ಕಂಡವರ ಕೋಳಿಯನ್ನು ಎಸೆದ ಹಾಗೆ.

*

ಬದಿಯಡ್ಕದಲ್ಲಿ ಗೊಬ್ಬರದ ಅಂಗಡಿಯ ಜಗಲಿ. ಶಟರು ಎಳೆದ ಮೇಲೆ ಅದು ಅವರದ್ದು, ಎತ್ತುವವರೆಗೆ. ಕೂಸಪ್ಪ ಮಲಗಿಯೇ ಇರುತ್ತಿದ್ದ. ಧಣಿಗಳ ಹಳೆ ಮನೆಯ ಮಾಡು ಇಳಿಸುವಾಗ ಗೆದ್ದಲು ತಿಂದ ಪಕ್ಕಾಸಿನ ಮರ ಮುರಿದು ಬಿದ್ದವನು, ಮತ್ತೆ ಎದ್ದಿರಲಿಲ್ಲ. ಅಂದು ಕಿನ್ನಿ ಕೆಳಗೆ ನಿಂತು ಹಂಚನ್ನು ಹಿಡಿದಿದ್ದಳು. ಅವನನ್ನು ಹಿಡಿಯಲು ಆಗಿರಲಿಲ್ಲ. ಈಚೆಗೆ ಬೆನ್ನಿನ ಹುಣ್ಣು ಕೀವಾಗಿ, ಜ್ವರ ಬಿಡದೆ, ಮೂಳೆಗೊಂದು ಚರ್ಮದ ಹೊದಿಕೆ ಮಾತ್ರ ಉಳಿದಿತ್ತು. ಬಾಯಿ ಮಾತ್ರ ಮೊದಲಿನ ಹಾಗೆಯೇ ಇತ್ತು.

"ಗೆರೆಯೊಳಗೆ ಧಣಿಯೂ ಬರ್ಲಿಕ್ಕಿಲ್ವಂತೆ" ಎಂದಳು ಕಿನ್ನಿ, ಗಂಜಿ ಕಲಸುತ್ತ.

"ಯಾರು ಹೇಳಿದ್ದು?"

"ಮಾಸ್ಟ್ರು. ಕಾನೂನಂತೆ."

"ಹೋ! ಅಂಥ ಗೆರೆ ನಮ್ಮ ಗುಡಿಸಲಿಗೆ ಹಾಕ್ಬೇಕಿತ್ತು ಮಾರಾಯ್ತಿ. ನಾವು ಬರೇ ತೆಂಗಿನ ಮಡಲಿನ ಬೇಲಿ ಹಾಕಿದ್ದಲ್ವಾ? ದಡ್ಡರು. ಒಂದು ಕಿಲೋ ಸುಣ್ಣ ತಂದಿದ್ರೆ ಸಾಕಿತ್ತು."

ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಂತಾಗ ನಗು ಹೋಗಿತ್ತು.

"ಕಿನ್ನಿ, ನನ್ನನ್ನು ಎಲ್ಲಿ ಹಾಕ್ತಿ?"

"ಸುಮ್ಮನೆ ಗಂಜಿ ಕುಡೀರಿ."

"ಕುಡಿಯುವಾ. ಎಲ್ಲಿ ಹಾಕ್ತಿ ಹೇಳು. ಇಲ್ಲಿ ಬೇಡ. ಇಲ್ಲಿ ಎಲ್ಲ ಕಾಂಕ್ರೀಟು, ನಾಯಿಗೂ ಕೆರೆಯಲಿಕ್ಕೆ ಮಣ್ಣಿಲ್ಲ. ನೆಕ್ರಾಜೆಯಲ್ಲೇ ಹಾಕು, ಅಪ್ಪ ಅಮ್ಮ ಇದ್ದಲ್ಲಿ."

ಅಪ್ಪ ಅಮ್ಮ ಗುಡಿಸಲಿನ ಹಿಂದೆ, ಬದುವಿನ ಮಣ್ಣಿನಲ್ಲಿದ್ದರು. ಇಬ್ಬರೂ ಆ ಗದ್ದೆಯಲ್ಲಿ ನೇಜಿ ನೆಟ್ಟವರು. ಸತ್ತ ಮೇಲೂ ದೂರ ಹೋಗಿರಲಿಲ್ಲ.

"ಧಣಿಗಳ ಹತ್ರ ಕೇಳಿದ್ದೇನೆ" ಎಂದಳು ಕಿನ್ನಿ. "ನೀನು ಆಡು, ಜಾಗದ ವಿಷಯ ನೋಡುವ ಅಂದಿದ್ದಾರೆ."

"ನೋಡುವ ಅಂದ್ರಾ?"

"ಹೂಂ."

'ನೋಡುವ' ಎಂಬುದು ಆ ಮನೆತನದಲ್ಲಿ ಅಪ್ಪನಿಂದ ಮಗನಿಗೆ ಬಂದ ಮಾತು. ಕೂಸಪ್ಪನ ಅಪ್ಪನಿಗೂ ಗುಡಿಸಲಿನ ಜಾಗದ ಹಕ್ಕುಪತ್ರದ ವಿಷಯದಲ್ಲಿ ಅದನ್ನೇ ಕೊಟ್ಟಿದ್ದರು. ಅವನು ಅದನ್ನು ಹಿಡಿದುಕೊಂಡೇ ಸತ್ತಿದ್ದ.

"ಹಾಗಾದ್ರೆ ಚೆಂದ ಮಾಡಿ ಆಡು" ಎಂದ ಕೂಸಪ್ಪ.

*

ಶನಿವಾರ ಪಂದ್ಯ ಶುರುವಾಯಿತು. ಒಂದೊಂದು ಕಡೆಗೆ ನಾಲ್ಕೇ ಜನ. ಕಿನ್ನಿಯ ಕಡೆಯಲ್ಲಿ ಅವಳು, ಬಟ್ಯ, ಬಸ್‌ಸ್ಟಾಂಡಿನಲ್ಲಿ ಮಲಗುವ ಇನ್ನಿಬ್ಬರು. ಮೈಕಿನವನು ಅವರನ್ನು "ನಮ್ಮ ಪ್ರೀತಿಯ ಭವನರಹಿತರು" ಎಂದು ಕರೆದ. ಧಣಿಗಳ ಹೆಂಡತಿ ಪಂಕಜಾಕ್ಷಿಯಮ್ಮ ಜರ್ಸಿ ಹಂಚಿದರು.

"ಆಟ ಆದ ಮೇಲೆ ಒಗೆದು ವಾಪಸ್ ಕೊಡ್ಬೇಕು ಆಯ್ತಾ?"

"ಎಲ್ಲಿ ಒಗೆಯುವುದಮ್ಮ?" ಎಂದ ಬಟ್ಯ.

"ಅಯ್ಯೋ, ಮನೆಯಲ್ಲಿ..." ಎಂದವರು ಅಲ್ಲಿಗೆ ನಿಲ್ಲಿಸಿ, ಮುಂದಿನವನಿಗೆ ಜರ್ಸಿ ಕೊಟ್ಟರು.

ಮುಖ್ಯ ಅತಿಥಿ ಭಾಷಣದಲ್ಲಿ, ಇವರಿಗೆ ಕೊರತೆ ಇರುವುದು ಮನೆಯದ್ದಲ್ಲ, ಆತ್ಮವಿಶ್ವಾಸದ್ದು ಎಂದರು. ಚಪ್ಪಾಳೆ ಬಿತ್ತು. ಅತಿಥಿಗಳಿಗೆ ಸ್ಟೀಲ್ ಲೋಟದಲ್ಲಿ ಎಳನೀರು ಬಂತು, ಆಟಗಾರರಿಗೆ ಕಾಗದದ ಲೋಟದಲ್ಲಿ ನೀರು. ಬಿಸಾಡಲಿಕ್ಕೆ ಅನುಕೂಲ.

ಶಿರಿಯದಿಂದ ಬಂದ ತಂಡದಲ್ಲಿ ಎಲ್ಲರೂ ಕಡಲು ಮನೆ ನುಂಗಿದವರು. ಅವರ ಗೋಲಿ ಕುಂಞ ಎಂಬ ನೆರೆತ ತಲೆಯ ಮೀನುಗಾರ. ಕಾಗದದ ಲೋಟ ಹಿಡಿದು ಕಿನ್ನಿಯ ಪಕ್ಕ ಕೂತ.

"ನಿಮ್ಮದನ್ನು ಎಂತದು ತೆಗೊಂಡದ್ದು ತಂಗೀ?"

"ಜೆಸಿಬಿ."

"ನಮ್ಮದನ್ನು ಕಡಲು. ಜೆಸಿಬಿಗಿಂತ ಕಡಲು ಆಗಬಹುದು. ಬರುವ ಮೊದಲು ಬೊಬ್ಬೆಯಾದರೂ ಹೊಡೀತದೆ."

ಕಿನ್ನಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕದ್ದರಿಂದ ಅವಳಿಗೇ ನಾಚಿಕೆಯಾಯಿತು.

ಅಂದು ಅವಳ ಕೈಗೆ ಸಿಗದ ಚೆಂಡು ಇರಲಿಲ್ಲ. ಪ್ಲಾಟು ನೋಡಲು ಬಂದವರು ಕಾರಿನ ಬಾನೆಟ್ಟಿನ ಮೇಲೆ ಕೂತು ಮೊಬೈಲಿನಲ್ಲಿ ಹಿಡಿದರು. ಯತಿನ್ ಕೂಡ "ಸೂಪರ್ ಕಿನ್ನಿ!" ಎಂದು ಕೂಗಿದ. ಗೆರೆಯೊಳಗೆ ಯಾರೂ ಬರಲಿಲ್ಲ. ಒಮ್ಮೆ ಎದುರಿನವನೊಬ್ಬ ಓಡಿಬಂದ ರಭಸಕ್ಕೆ ಒಳಗೆ ಕಾಲಿಟ್ಟ. ಮಾಸ್ಟ್ರು ಪೀಪಿ ಊದಿದರು, ಅವನು "ಸಾರಿ ಅಕ್ಕ" ಎಂದು ಹಿಂದೆ ಸರಿದ. ಕಿನ್ನಿ ಕಾಲಿನಿಂದ ಅವನ ಹೆಜ್ಜೆಯ ಗುರುತನ್ನು ಒರಸಿ ನೆಲ ಸಮ ಮಾಡಿದಳು. ಫೈನಲಿಗೆ ಎರಡು ತಂಡ ಉಳಿಯಿತು: ಇವರದ್ದು, ಶಿರಿಯದವರದ್ದು.

*

ಆದಿತ್ಯವಾರ ಬೆಳಿಗ್ಗೆ ಅವಳು ನಳ್ಳಿಯಿಂದ ನೀರು ಹಿಡಿದು ತರುವಾಗ ಅಂಗಡಿಯವನು ಜಗಲಿಯ ಕೆಳಗೆ ಬೀಗದ ಕೈ ಹಿಡಿದು ನಿಂತಿದ್ದ.

"ಏಳ್ತಾ ಇಲ್ಲ ಇವ. ಕಾಲಲ್ಲಿ ತಟ್ಟಿ ನೋಡಿದೆ."

ಕಿನ್ನಿ ಕೊಡಪಾನ ಇಳಿಸಿ ಮುಟ್ಟಿ ನೋಡಿದಳು. ಜ್ವರ ಬಿಟ್ಟಿತ್ತು.

"ಬೇಗ ತೆಗೀರಿ ಮಾರಾಯ್ತಿ" ಎಂದ ಅಂಗಡಿಯವನು, ಬೇಸರದಿಂದಲೇ. "ನನಗಿನ್ನೂ ಬೋಣಿ ಆಗ್ಲಿಲ್ಲ."

ಬಟ್ಯ ಪಂಚಾಯತ್ ಮೆಂಬರನಿಗೆ ಫೋನು ಮಾಡಿದ. ಮೆಂಬರನ ದನಿ ಪಕ್ಕದಲ್ಲಿ ಕೂತ ಕಿನ್ನಿಗೂ ಕೇಳುತ್ತಿತ್ತು.

"ಶ್ಮಶಾನ ಈ ವಾರ್ಡಿನವರಿಗೆ ಮಾತ್ರ. ಮನೆ ನಂಬ್ರ ಎಷ್ಟು?"

"ಮನೆ ಇಲ್ಲ."

"ಮನೆ ಇಲ್ಲದೆ ನಂಬ್ರ ಹೇಗೆ?"

"ಅದನ್ನೇ ಹೇಳುವುದು. ನಂಬ್ರ ಇಲ್ಲ."

"ನಂಬ್ರ ಇಲ್ಲದಿದ್ರೆ ಯಾವ ವಾರ್ಡಿನ ಹೆಣ ಅಂತ ಬರೆಯುವುದು ನಾನು? ಮೊದಲು ಎಲ್ಲಿದ್ದದ್ದೋ ಅಲ್ಲಿಗೆ ತೆಗೊಂಡು ಹೋಗಿ."

"ನಿನ್ನ ಅಜ್ಜಿ ಪಿಂಡ! ವೋಟಿಗೆ ಜಗಲಿಗೆ ಬಂದು ಕೈ ಮುಗಿದೆಯಲ್ಲ, ಆಗ ಯಾವ ನಂಬ್ರ ನೋಡಿ ಬಂದೆ ಬೋಳಿಮಗನೇ?"

ಫೋನು ಅಷ್ಟರಲ್ಲಿ ಕಟ್ಟಾಗಿತ್ತು. ಬಟ್ಯ ಅದರ ಮೇಲೆ ಇನ್ನೂ ಸ್ವಲ್ಪ ಹೊತ್ತು ಬೈದ. ಮತ್ತೆ ಮುಂಗೈಯಿಂದ ಮೂಗು ಒರಸಿ, ಗೂಡ್ಸ್ ಟೆಂಪೋ ಹುಡುಕಲು ಹೋದ.

ನೆಕ್ರಾಜೆಯಲ್ಲಿ ಧಣಿಗಳು ಬಿಳಿ ಪಂಚೆ ಉಟ್ಟು ವೇದಿಕೆಯ ಬದಿಯಲ್ಲಿ ನಿಂತಿದ್ದರು. ಕಿನ್ನಿ ಎಂದಿನ ದೂರದಲ್ಲಿ ನಿಂತಳು.

"ಧಣೀ, ಅವರು ಹೋದ್ರು."

"ಯಾರು?"

"ಕೂಸಪ್ಪ."

"ಛೆ ಛೆ ಛೆ. ಇವತ್ತೇ ಆಗ್ಬೇಕಿತ್ತಾ ಅದು?"

"ಅತ್ತೆಯನ್ನು ಹಾಕಿದಲ್ಲಿ ಸ್ವಲ್ಪ ಜಾಗ ಬೇಕಿತ್ತು. ನೀವು ನೋಡುವ ಅಂದಿದ್ರಿ."

"ಅಲ್ಲಿಯಾ? ಅಲ್ಲಿ ಈಜುಕೊಳ ಬರ್ತದಲ್ವಾ. ಪ್ಲಾನ್ ಪಾಸಾಗಿ ಆಯ್ತು."

"ಹಾಗಾದ್ರೆ ಬೇರೆ ಯಾವುದಾದ್ರೂ ಮೂಲೆಯಲ್ಲಿ..."

"ತಲೆ ಉಂಟಾ ನಿನಗೆ? ದುಬಾಯಿಯಿಂದ ಪಾರ್ಟಿ ಬಂದಿದೆ ಪ್ಲಾಟ್ ನೋಡ್ಲಿಕ್ಕೆ. ಹೆಣ ಹೂತ ಜಾಗವನ್ನು ಯಾವ ಹುಚ್ಚ ತೆಗೊಳ್ತಾನೆ?" ಧಣಿಗಳು ಸುತ್ತ ನೋಡಿ ದನಿ ತಗ್ಗಿಸಿದರು. "ಟೆಂಪೋವನ್ನು ಆ ಬ್ಯಾನರಿನ ಹಿಂದೆ ಇಡ್ಲಿಕ್ಕೆ ಹೇಳು, ಯಾರಿಗೂ ಕಾಣದ ಹಾಗೆ. ನೀನು ಹೋಗಿ ಜರ್ಸಿ ಹಾಕು. ಅಳ್ಬೇಡ, ಫೋಟೋದಲ್ಲಿ ಗೊತ್ತಾಗ್ತದೆ. ಆಟ ಮುಗಿಲಿ, ಮತ್ತೆ ನೋಡುವ."

ಟೆಂಪೋವನ್ನು ಬ್ಯಾನರಿನ ಹಿಂದೆಯೇ ಇಟ್ಟರು. ಕಿನ್ನಿ ಅಳಲಿಲ್ಲ. ಜರ್ಸಿ ಹಾಕಿದಳು.

*

ಮಾಸ್ಟ್ರು ಪೀಪಿ ಊದಿದರು. ಫೈನಲು ಶುರುವಾಯಿತು. ಶಿರಿಯದವರ ಮೊದಲ ಚೆಂಡೇ ಗುಂಡಿನ ಹಾಗೆ ಬಂತು. ಕಿನ್ನಿ ಹಿಡಿದಳು. ಜನ ಹೋ ಎಂದಿತು. ಅವಳು ಚೆಂಡನ್ನು ನೆಲಕ್ಕಿಟ್ಟು, ಗೆರೆಯಾಚೆ ಕಾಲಿನಿಂದ ಮೆಲ್ಲ ಉರುಳಿಸಿದಳು.

"ಬಟ್ಯಾ, ಪಿಕ್ಕಾಸು ಕೊಡು."

ಬಟ್ಯ ಅವಳ ಮುಖ ನೋಡಿದ. ಎರಡು ಸಲ ಕೇಳಲಿಲ್ಲ. ಬ್ಯಾನರಿನ ಹಿಂದೆ ಓಡಿ, ಟೆಂಪೋದವನ ಹಾರೆ ಪಿಕ್ಕಾಸು ತಂದು, ಗೆರೆಯ ಹೊರಗೇ ನಿಂತು ಹಿಡಿ ಮುಂದೆ ಮಾಡಿ ಚಾಚಿದ. ಅವನೂ ಒಳಗೆ ಕಾಲಿಡಲಿಲ್ಲ.

ಮೊದಲ ಏಟಿಗೆ ಕೆಂಪು ಮಣ್ಣು ಕಲ್ಲಿನಂತೆ ಸದ್ದು ಮಾಡಿತು. ಎರಡನೆಯದಕ್ಕೆ ಬಿರುಕು ಬಿಟ್ಟಿತು. ಮೈಕಿನವನು ಇದೂ ಕಾರ್ಯಕ್ರಮದ ಭಾಗವೆಂದುಕೊಂಡು "ನಮ್ಮ ಗೋಲಿ ಕಿನ್ನಿಯವರು ಈಗ..." ಎಂದು ಶುರುಮಾಡಿ, ಮುಂದೇನು ಹೇಳುವುದೆಂದು ತಿಳಿಯದೆ ಮೈಕಿನಲ್ಲೇ ಉಸಿರಾಡಿದ. ಅಷ್ಟರಲ್ಲಿ ಬಟ್ಯನೂ ಇನ್ನಿಬ್ಬರೂ ಚಾಪೆಯಲ್ಲಿ ಸುತ್ತಿದ ಕೂಸಪ್ಪನನ್ನು ಹೊತ್ತು ತಂದು ಗೆರೆಯ ಪಕ್ಕ ಇಳಿಸಿದರು. ಚಾಪೆ ಗಿಡ್ಡವಾಗಿ ಪಾದಗಳು ಹೊರಗಿದ್ದವು. ಬಾನೆಟ್ಟಿನ ಮೇಲೆ ಕೂತವರು ಕೆಳಗಿಳಿದರು.

"ಏ ರಂಡೆ! ಎಂತ ಮಾಡ್ತಾ ಇದ್ದಿ?" ಯತಿನ್ ಓಡಿಬಂದ. ಒಂದು ಕಾಲು ಗೆರೆ ದಾಟಿತು. ಬೇಲಿಯ ಮೇಲೆ ಕೂತ ಮಕ್ಕಳು, ನಿನ್ನೆಯಿಡೀ ಕಲಿತದ್ದನ್ನು ಒಕ್ಕೊರಲಿನಿಂದ ಕೂಗಿದರು: "ಪೆನಾಲ್ಟಿ! ಪೆನಾಲ್ಟಿ!" ಯತಿನ್ ತಲೆ ಎತ್ತಿದ. ತಾನೇ ಬಾ ಬಾ ಎಂದು ಕರೆಸಿದ ಮೊಬೈಲುಗಳೆಲ್ಲ ತನ್ನ ಕಡೆಗೇ ತಿರುಗಿದ್ದವು. ಕಾಲನ್ನು ಹಿಂದೆ ತೆಗೆದ.

"ಮಾಸ್ಟ್ರೇ, ಪೀಪಿ ಊದಿ! ಆಟ ನಿಲ್ಲಿಸಿ!" ಎಂದರು ವೇದಿಕೆಯಿಂದ ಧಣಿಗಳು.

ಕಿನ್ನಿ ಪಿಕ್ಕಾಸು ಊರಿ ಮಾಸ್ಟ್ರ ಕಡೆ ನೋಡಿದಳು. "ಊದ್ಬೇಡಿ ಮಾಸ್ಟ್ರೇ. ಕಾನೂನು ಹೇಳಿಕೊಟ್ಟದ್ದು ನೀವೇ ಅಲ್ವಾ?"

ಊದಿದರೆ ಆಟ ಮುಗಿಯುತ್ತದೆ. ಆಟ ಮುಗಿದರೆ ಗೆರೆ ಬರೀ ಸುಣ್ಣ. ಮಾಸ್ಟ್ರು ಪೀಪಿಯನ್ನು ತುಟಿಗಿಟ್ಟುಕೊಂಡರು. ಅಲ್ಲಿಯೇ ಇಟ್ಟುಕೊಂಡರು.

"ಸರ್ಕಲ್ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದ್ದೇನೆ!" ಧಣಿಗಳ ಪಂಚೆ ಧೂಳಿಗೆ ಕೆಂಪಾಗುತ್ತ ಹತ್ತಿರ ಬಂತು. "ಜೀಪು ಬರ್ತಾ ಉಂಟು. ಅಗೆದದ್ದನ್ನು ಮುಚ್ಚು ಕಿನ್ನಿ. ನನ್ನ ಜಾಗ ಇದು!"

"ಆಟ ಮುಗಿದ ಮೇಲೆ ಧಣೀ" ಎಂದಳು. "ಆಟ ಮುಗಿದ ಮೇಲೆ ನೋಡುವ."

ಮೊಣಕಾಲಿನವರೆಗೆ ಇಳಿದಾಗ ಕೆಂಪು ಮಣ್ಣು ತೀರಿ ಗದ್ದೆಯ ಕಪ್ಪು ಮಣ್ಣು ಸಿಕ್ಕಿತು. ಮೆತ್ತಗೆ, ತಣ್ಣಗೆ, ನೇಜಿಯ ವಾಸನೆ. ಅಲ್ಲಿಯವರೆಗೆ ತಡೆದದ್ದು ಅಲ್ಲಿ ತಡೆಯಲಿಲ್ಲ. ಕಿನ್ನಿ ಹೊಂಡದೊಳಗೆ ಬಗ್ಗಿ, ಮಣ್ಣಿಗೆ ಹಣೆ ತಾಗಿಸಿ, ಸದ್ದಿಲ್ಲದೆ ನಡುಗಿದಳು. ಮತ್ತೆ ಎದ್ದು ಹಾರೆ ಹಿಡಿದಳು. ಕೈ ಸೋತಿತ್ತು. ರಸ್ತೆಯ ತಿರುವಿನಲ್ಲಿ ಜೀಪಿನ ಹಾರ್ನು ಕೇಳಿಸಿತು.

ಆಗ ಗದ್ದೆಯ ಆಚೆ ತುದಿಯಲ್ಲಿ ಕುಂಞ ತನ್ನ ಗೆರೆ ದಾಟಿ ಹೊರಗೆ ಬಂದ. ಗೋಲಿ ಹಾಗೆ ಬರಬಾರದು. ಯಾರೂ ಪೀಪಿ ಊದಲಿಲ್ಲ. ಮುದುಕ ಇಡೀ ಗದ್ದೆ ನಡೆದು ಬಂದು, ಅವಳ ಗೆರೆಯ ಹೊರಗೆ ನಿಂತು, ಚಪ್ಪಲಿ ಕಳಚಿ ಬದಿಗಿಟ್ಟ.

"ತಂಗೀ, ಒಳಗೆ ಬರಬಹುದಾ?"

ಕಿನ್ನಿ ಕ್ಷಣ ಹೊತ್ತು ಅವನನ್ನೇ ನೋಡಿದಳು. ಹಾಗೆ ಕೇಳಿದವರಿಗೆ ಏನು ಹೇಳಬೇಕೆಂದು ನೆನಪು ಮಾಡಿಕೊಳ್ಳುವವಳಂತೆ. ಮಣ್ಣಿನ ಕೈಯನ್ನು ಜರ್ಸಿಗೆ ಒರಸಿಕೊಂಡಳು, ತಲೆಗೂದಲು ಹಿಂದೆ ಸರಿಸಿದಳು.

"ಬನ್ನಿ ಅಣ್ಣ" ಎಂದಳು. "ಮೆಲ್ಲ ಬನ್ನಿ. ಹೊಂಡ ಉಂಟು."