ಲಾಂಚಿನ ಮುಂದಿನ ಕಿಟಕಿ

ತೆಳು ಅಲಗಿನ ಚಾಕು ಕಿಟಕಿಯ ಚೌಕಟ್ಟಿಗೂ ಲಾಂಚಿನ ಮೈಗೂ ನಡುವೆ ಅರ್ಧ ಬೆರಳಷ್ಟು ಇಳಿದು ಸಿಕ್ಕಿಕೊಂಡಿತು. ರುಬಿನಾ ಹಿಡಿಯ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿದಳು. ಸಂದಿಗೆ ಮೆತ್ತಿದ್ದ ಹಳೆಯ ಸೀಲಂಟ್ ಅಂಟು ಒಣ ಬೆಲ್ಲದ ಹಾಗೆ ಚೂರುಚೂರಾಗಿ ಉದುರಿತು.

"ಕಾಕಾ, ಆ ಕಡಿಂದ ಕೈ ಕೊಡ್ರಿ. ಒಮ್ಮಿಗೇ ಕಳಚಿ ಬೀಳತೈತಿ."

"ಬಿದ್ರ ಬೀಳ್ಲಿ ಬಿಡ. ಈ ಹಾಳ ಗಾಜ ನೋಡಿದ್ರನ ನನಗ ಸಿಟ್ಟ ಬರತೈತಿ," ಎಂದ ಜ್ಯೋತಿಬಾ. ಆದರೂ ಎರಡೂ ಕೈಯಿಂದ ಚೌಕಟ್ಟನ್ನು ಹಿಡಿದುಕೊಂಡ.

ಸೂಪಾ ಹಿನ್ನೀರಿನಲ್ಲಿ ಆ ಲಾಂಚನ್ನು ಅವನು ನಡೆಸತೊಡಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು. ಆಚೆ ದಡದ ಊರಿನವರಿಗೆ ಅದೇ ಬಸ್ಸು. ಕಾಡು ಸುತ್ತಿಕೊಂಡು ರಸ್ತೆಯಲ್ಲಿ ಬರುವುದಾದರೆ ಅರ್ಧ ದಿನ ಹೋಗುತ್ತಿತ್ತು. ಲಾಂಚು ಗೋವೆಯಲ್ಲಿ ಹಳೆಯದನ್ನು ಕೊಂಡು ತಂದದ್ದು. ಕಿಟಕಿಗಳಿಗೆ ಇದ್ದದ್ದು ಗಾಜಲ್ಲ, ದಪ್ಪ ಪ್ಲಾಸ್ಟಿಕ್ ಶೀಟು. ಬಿಸಿಲಿಗೆ ಬೆಂದು, ಜ್ಯೋತಿಬಾ ಸ್ವಚ್ಛ ಮಾಡುತ್ತೇನೆಂದು ಸೀಮೆಎಣ್ಣೆ ಹಚ್ಚಿ ತಿಕ್ಕಿ, ಅವು ಮಜ್ಜಿಗೆ ನೀರಿನ ಬಣ್ಣಕ್ಕೆ ತಿರುಗಿದ್ದವು. ಹೋದ ತಿಂಗಳು ಲಾಂಚು ನೀರಲ್ಲಿ ಮುಳುಗಿದ ಮರದ ಬೊಡ್ಡೆಯೊಂದಕ್ಕೆ ಉಜ್ಜಿಕೊಂಡು ಒಂದು ಕಡೆ ವಾಲಿ, ಒಳಗಿದ್ದವರೆಲ್ಲ ಚೀರಿಕೊಂಡಿದ್ದರು. ಯಾರಿಗೂ ಏನೂ ಆಗಲಿಲ್ಲ. ಜ್ಯೋತಿಬಾ ಮಾತ್ರ ಅಂದೇ ಲಾಂಚನ್ನು ದಡಕ್ಕೆ ಎಳೆಸಿ, ಕಿಟಕಿ ಬದಲಾಯಿಸದೆ ನೀರಿಗಿಳಿಸುವುದಿಲ್ಲ ಎಂದುಬಿಟ್ಟಿದ್ದ.

ರುಬಿನಾ ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ಬಸ್ಸುಗಳ ಬಾಡಿ ಕಟ್ಟುವ ಶೆಡ್ಡಿನಲ್ಲಿ ಗಾಜು ಕೂರಿಸುವುದನ್ನು ಕಲಿತು ದಾಂಡೇಲಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದಳು. ಲಾಂಚಿನ ಕೆಲಸ ಇದೇ ಮೊದಲು. ಆದರೆ ಅವಳಿಗೆ ಅಳುಕಿರಲಿಲ್ಲ. "ನೀರಿಗೇನು, ಬಸ್ಸಿನ್ಯಾಗೂ ಸಂದಿ ಹುಡುಕತೈತಿ, ಇಲ್ಲೂ ಹುಡುಕತೈತಿ. ನೆಳ್ಳಾಗ ಒಣಗಾಕ ಬಿಡ್ರಿ, ಅವಸರ ಮಾಡಬ್ಯಾಡ್ರಿ, ಅಷ್ಟ ಸಾಕು," ಎಂದು ಮೊದಲೇ ಹೇಳಿದ್ದಳು.

ಮುಂದಿನ ಕಿಟಕಿ ಹೊರಬಂದಾಗ ಅದರ ಕೆಳಗಿನ ಪ್ಲೈವುಡ್ ಒದ್ದೆಯಾಗಿ ಕೊಳೆತು, ಚಮಚದಲ್ಲಿ ತೋಡಿದರೆ ಬರುವಂತಿತ್ತು. ಜ್ಯೋತಿಬಾನ ಹೆಂಡತಿ ನಿರ್ಮಲಾ ನಿಜವಾಗಿಯೂ ಚಮಚವನ್ನೇ ತಂದು ತೋಡಿದಳು. ಲಾಂಚಿನ ಹಗ್ಗ ಕಟ್ಟುವವಳು, ಟಿಕೀಟು ಹರಿಯುವವಳು ಅವಳೇ. ಹೋದ ವರ್ಷ ಗಂಡ ಜ್ವರದಿಂದ ಮಲಗಿದ್ದಾಗ ಲಾಂಚು ನಡೆಸುವ ಪರೀಕ್ಷೆಯನ್ನೂ ಪಾಸು ಮಾಡಿಕೊಂಡಿದ್ದಳು. "ಒಂದ ಲಾಂಚಿಗೆ ಇಬ್ರು ಡ್ರೈವರ್ ಯಾಕ?" ಎಂದು ಜ್ವರ ಬಿಟ್ಟು ಎದ್ದು ಕೂತ ಜ್ಯೋತಿಬಾ ನಕ್ಕಿದ್ದ. ಅಲ್ಲಿಗೆ ಆ ಮಾತು ಮುಗಿದಿತ್ತು.

ಕೊಳೆತ ಜಾಗ ಒಣಗಿಸಿ, ಅಂಟು ತುಂಬಿ, ಉಜ್ಜಿ ಸಪಾಟು ಮಾಡಿದ ಮೇಲೆ ರುಬಿನಾ ಹಳೆಯ ಶೀಟಿನ ಅಳತೆಗೆ ಹೊಸದನ್ನು ಕೊಯ್ದಳು. ಗೀರು ಬೀಳಬಾರದೆಂದು ಅದರ ಎರಡೂ ಮೈಗೆ ಅಂಟಿದ್ದ ಕಾಗದವನ್ನು ಹಾಗೆಯೇ ಬಿಟ್ಟು, ಅಂಚಿನಲ್ಲಷ್ಟೇ ಸುಲಿದು, ಕಪ್ಪು ಸೀಲಂಟನ್ನು ಕೈ ತೆಗೆಯದೆ ಸುತ್ತಲೂ ಎಳೆದಳು. ಚೌಕಟ್ಟು ಕೂತಿತು.

"ಸ್ಕ್ರೂ ಇನ್ನೂ ಬಿಗೀ ಮಾಡ," ಎಂದ ಜ್ಯೋತಿಬಾ.

"ಈಗ ಬಿಗದ್ರ ಸೀಲಂಟೆಲ್ಲಾ ಹೊರಗ ಬರತೈತ್ರಿ. ಒಳಗ ರಬ್ಬರಿನಂಗ ಕುಂದ್ರಬೇಕು. ಪೂರಾ ಬಿಗಿಯೂದು ನಾಳೆ."

ಒಣಗಿದ ಮೇಲೆ ನಿರ್ಮಲಾ ಹೊರಗಿನಿಂದ ಕೊಡಗಟ್ಟಲೆ ನೀರೆರಚಿದಳು. ರುಬಿನಾ ಒಳಗೆ ಕೂತು ಮೂಲೆಮೂಲೆಗೆ ಬೆರಳಾಡಿಸಿದಳು. ಪಕ್ಕದ ಒಂದು ಕಿಟಕಿಯ ಕೆಳಗೆ ಹನಿ ಜಿನುಗಿತು. "ಇದನ್ನ ಮತ್ತ ಬಿಚ್ಚೂದು," ಎಂದಷ್ಟೇ ಹೇಳಿ ಚಾಕು ಕೈಗೆತ್ತಿಕೊಂಡಳು. ಎರಡನೇ ಸಲ ಹನಿ ನಿಂತಿತು.

ಲಾಂಚು ನೀರಿಗಿಳಿದ ದಿನ ಎಳೆ ಬಿಸಿಲಿತ್ತು. ರುಬಿನಾ ಮುಂದಿನ ಕಿಟಕಿಯ ಕಾಗದವನ್ನು ಒಂದೇ ಎಳೆತಕ್ಕೆ ಸುಲಿದಳು. ಅಲ್ಲಿ ಶೀಟು ಇದೆಯೆಂದೇ ಅನ್ನಿಸಲಿಲ್ಲ. ಬೇಸಿಗೆಗೆ ಇಳಿದ ನೀರು, ಅದರಲ್ಲಿ ಕರ್ರಗೆ ತಲೆ ಎತ್ತಿದ ಬೊಡ್ಡೆಗಳು, ಆಚೆಗೆ ಕಾಡು, ಎಲ್ಲವೂ ಕ್ಯಾಬಿನ್ನಿನ ಒಳಗೇ ಬಂದಂತಾಯಿತು.

"ಯವ್ವಾ, ಏನ ಚಂದ ಆತ!" ಎಂದಳು ನಿರ್ಮಲಾ.

ದಾರಿಯುದ್ದಕ್ಕೂ ಬಾಗಿಲಲ್ಲಿ ನಿಂತು, ಹೊರಗೆ ಬಗ್ಗಿ, "ಎಡಕ್ಕ... ಇನ್ನಷ್ಟ ಎಡಕ್ಕ... ಸೀದಾ" ಎನ್ನುವುದು ಅವಳ ರೂಢಿ. ಅದು ಯಾವಾಗ ಶುರುವಾಯಿತೋ ಗಂಡ ಹೆಂಡಿರಿಬ್ಬರಿಗೂ ನೆನಪಿರಲಿಲ್ಲ. ಇಂದು ಅದರ ಅಗತ್ಯ ಕಾಣದೆ ಅವಳು ರುಬಿನಾಳ ಪಕ್ಕ ಬೆಂಚಿನ ಮೇಲೆ ಕಾಲು ಚಾಚಿ ಕೂತಳು. ಜ್ಯೋತಿಬಾ ಎಂಜಿನ್ ಹಾಕಿದ.

ಸ್ವಲ್ಪ ದೂರ ಹೋದ ಮೇಲೆ ಎದುರಿಗೆ ದೊಡ್ಡ ಬೊಡ್ಡೆಯೊಂದು ಕಂಡಿತು. ಈಗ ಹೊರಳಿಸುತ್ತಾನೆ ಎಂದುಕೊಂಡಳು ರುಬಿನಾ. ಲಾಂಚು ಹೊರಳಲಿಲ್ಲ. ನಿರ್ಮಲಾ ಅರ್ಧ ಎದ್ದಳು.

"ಏನ್ರೀ, ಬೊಡ್ಡಿ!"

"ಎಲ್ಲಿ?"

ಅವಳು ಹಾರಿ ಸ್ಟೇರಿಂಗ್ ಚಕ್ರ ಹಿಡಿದು ಪೂರಾ ಎಳೆದಳು. ಬೊಡ್ಡೆಯ ಮೇಲಿದ್ದ ನೀರುಕಾಗೆ ರೆಕ್ಕೆ ಬಡಿಯುತ್ತ ಕಿಟಕಿಯ ಪಕ್ಕದಲ್ಲೇ ಹಾರಿಹೋಯಿತು. ನಿರ್ಮಲಾ ಎಂಜಿನ್ ಆರಿಸಿದಳು. ಲಾಂಚು ತೂಗುತ್ತ ನಿಂತಿತು.

"ಶೀಟ ಖರಾಬ್ ಐತಿ," ಎಂದ ಜ್ಯೋತಿಬಾ ಏರಿದ ದನಿಯಲ್ಲಿ. "ಎಲ್ಲಿಂದ ತಂದಿ ಇದನ್ನ? ಹೊಗಿ ತುಂಬಿದಂಗ ಕಾಣತೈತಿ."

ರುಬಿನಾ ಶೀಟಿನ ಹತ್ತಿರ ಬಂದಳು. ಬಗ್ಗಿ ನೋಡಿದಳು. ದೂರದ ದಡದಲ್ಲಿ ನೀರು ಕುಡಿಯುತ್ತಿದ್ದ ಎಮ್ಮೆಯ ಕೊಂಬಿನ ಬಾಗು ಕೂಡ ಶೀಟಿನ ಆಚೆ ನಿಚ್ಚಳವಾಗಿತ್ತು. ಅವಳು ವಾದ ಮಾಡಲಿಲ್ಲ. ಕ್ಯಾಬಿನ್ನಿನ ಬಾಗಿಲನ್ನು ಪೂರ್ತಿ ತೆರೆದಳು.

"ಕಾಕಾ, ಇಲ್ಲಿ ಬಂದ ನಿಂದರ್ರಿ. ಇಲ್ಲಿ ಶೀಟಿಲ್ಲ, ಏನಿಲ್ಲ. ಆ ದಂಡಿಗೆ ಏನೈತಿ ಹೇಳ್ರಿ."

ಜ್ಯೋತಿಬಾ ಬಂದು ನಿಂತ. ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ನೋಡಿದ.

"ದಂಡಿ ಐತಿ."

"ದಂಡಿ ಮ್ಯಾಲ?"

ಅವನು ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ದೇವರಾಣಿ, ಗಾಜ ಮಬ್ಬಾಗೇತಿ ಅಂತನ ತಿಳಕೊಂಡಿದ್ದೆ," ಎಂದ.

"ನಾನೂ ಹಂಗ ತಿಳಕೊಂಡಿದ್ದೆ," ಎಂದಳು ನಿರ್ಮಲಾ.

"ಅವತ್ತ ಬೊಡ್ಡಿಗೆ ಬಡದಾಗ ಒಳಗ ಎಷ್ಟ ಮಂದಿ ಇದ್ರು... ಸಣ್ಣ ಸಣ್ಣ ಕೂಸಿದ್ವು." ಅವನ ಕೈ ಬಾಗಿಲಿನ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

"ನಮ್ಮ ಅಬ್ಬಾಗೂ ಹಿಂಗ ಆಗಿತ್ರಿ ಕಾಕಾ," ಎಂದಳು ರುಬಿನಾ. "ಕಣ್ಣಿಗೆ ಪೊರಿ ಬಂದಿತ್ತು. ಹುಬ್ಬಳ್ಳ್ಯಾಗ ತಗಿಸಿದ್ವಿ. ಈಗ ಸೂಜಿಗೆ ದಾರ ಪೋಣಸ್ತಾರು."

ನಿರ್ಮಲಾ ಚಕ್ರದ ಮುಂದೆ ಹೋಗಿ ನಿಂತಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹುಬ್ಬಳ್ಳಿಗೆ ಹೋಗೂಣು. ಕಣ್ಣು ಸುದ್ದ ಆಗೂತನಕ ಲಾಂಚ ನಾ ನಡಸ್ತೇನಿ."

"ಮಂದಿ ಏನಂತಾರ?"

"ಏನರೆ ಅನ್ಲಿ. ದಂಡಿ ಮುಟ್ಟಿಸಿದ್ರ ಸುಮ್ನ ಆಗ್ತಾರ."

ಎಂಜಿನ್ ಮತ್ತೆ ಶುರುವಾಯಿತು. ಜ್ಯೋತಿಬಾ ಬಾಗಿಲಲ್ಲೇ ನಿಂತಿದ್ದ. ಒಂದು ತಿರುವಿನಲ್ಲಿ ಎಂಜಿನ್ನಿನ ಸದ್ದು ಗುಡ್ಡಕ್ಕೆ ಬಡಿದು ಮರಳಿ ಕೇಳಿಸಿದಾಗ, "ಇಲ್ಲಿ ಬಲಕ್ಕ ಹಿಡಿ," ಎಂದ. "ನೀರಿನ ಕೆಳಗ ನಮ್ಮ ಮುಳಗಿದ ಹಳೇ ಊರಿನ ಗಾಡಿದಾರಿ ಐತಿ. ಅದರ ಮ್ಯಾಲ ಹೋದ್ರ ಒಂದೂ ಬೊಡ್ಡಿ ಸಿಗೂದಿಲ್ಲ." ನಿರ್ಮಲಾ ಬಲಕ್ಕೆ ಹಿಡಿದಳು. ನಿಜಕ್ಕೂ ಎದುರಿಗೆ ಬರೀ ನೀರಿತ್ತು.

ಸಂತೆಯ ದಿನ ಲಾಂಚು ಮತ್ತೆ ಆಚೆ ದಡ ಮುಟ್ಟಿದಾಗ ಜನ ಮೂಟೆ, ಬುಟ್ಟಿ ಹೊತ್ತು ಕಾದು ನಿಂತಿದ್ದರು. ಚಕ್ರದ ಮುಂದೆ ನಿರ್ಮಲಾಳನ್ನು ಕಂಡು ಒಂದಿಬ್ಬರು ಹಿಂದೆ ಸರಿದರು. ಲಾಂಚು ಹತ್ತುವ ಹಲಗೆಯ ಮೇಲೆ ಕಾಲಿಟ್ಟಿದ್ದ ಆ ಊರಿನ ಹುಡುಗ ಅಂಕುಶ ಅಲ್ಲೇ ನಿಂತು, "ಇವತ್ತ ಯಾರ ನಡಸೋರು ಮಾಮಾ?" ಎಂದ.

ಜ್ಯೋತಿಬಾ ಹಗ್ಗ ಹಿಡಿದು ನಿಂತಿದ್ದ. ಎಲ್ಲರಿಗೂ ಕೇಳುವಂತೆ ಹೇಳಿದ: "ಆಕಿ. ಪರೀಕ್ಷೆ ಪಾಸಾಗ್ಯಾಳ. ನನಗ ಕಣ್ಣು ಕಾಣವಲ್ದಾಗೇತಿ. ಹ್ವಾದ ತಿಂಗಳ ಬೊಡ್ಡಿಗೆ ಬಡದದ್ದು ಅದಕ್ಕ. ಬರ್ರಿ, ನಾನೂ ಒಳಗ ಕುಂದರ್ತೇನಿ."

ಅಂಕುಶ ಅವನ ಮುಖವನ್ನೇ ನೋಡಿದ. ಆಮೇಲೆ ಮೂಟೆಯನ್ನು ಒಳಗಿಟ್ಟು, ಹಿಂದಿನವರಿಗೆ ಕೈ ಕೊಟ್ಟ.

ಹಗ್ಗ ಬಿಚ್ಚಿ ಜ್ಯೋತಿಬಾ ಬೆಂಚಿನ ತುದಿಗೆ ಕೂತ. ಲಾಂಚು ದಡ ಬಿಟ್ಟಿತು. ಕೋಳಿಬುಟ್ಟಿ ಹೊತ್ತ ಮುದುಕಿ ಮಾಲವ್ವ ಅವನ ಮುಂದೆ ಬಂದು, "ಸರಕೋ ತಮ್ಮಾ, ಒಬ್ಬನ ಇಷ್ಟ ಜಾಗಾ ಹಿಡಿದೀಯಲ್ಲ," ಎಂದಳು. ಅವನು ಸರಿದು ಕೂತ. ಅವಳು ಬುಟ್ಟಿಯನ್ನು ಅವನ ತೊಡೆಯ ಮೇಲಿಟ್ಟು, ಅವನ ಎರಡೂ ಕೈಗಳನ್ನು ತಂದು ಅದರ ಸುತ್ತ ಹಿಡಿಸಿದಳು. ಹೆಣಿಗೆಯ ಸಂದಿಯಿಂದ ಕೋಳಿ ಕತ್ತು ಹೊರಹಾಕಿ ನೀರನ್ನು ನೋಡತೊಡಗಿತು.