ಹಿಂದಿನ ಸೀಟಿನ ಭಾರ

ನಾನು ಒಂದು ಸ್ಪ್ರಿಂಗು. ಒಂದು ಸಣ್ಣ ಕಾರಿನ ಹಿಂದಿನ ಎಡಗಾಲಿಯ ಮೇಲೆ ಕೂತು ಹನ್ನೊಂದು ವರ್ಷ ಭಾರ ಹೊತ್ತವನು. ಅಲ್ಲಿಂದ ನನಗೆ ಕಾಣುತ್ತಿದ್ದುದು ಗಾಲಿಯ ಒಳಮೈ, ಕೆಸರು, ಹಿಂದಕ್ಕೆ ಓಡುವ ರಸ್ತೆ, ಇಷ್ಟೇ. ಹಾಗಾಗಿ ಜನರನ್ನು ನಾನು ಮುಖ ನೋಡಿ ಗುರುತಿಸಿದವನಲ್ಲ, ತೂಕದಿಂದ ಗುರುತಿಸಿದವನು. ಬಾಗಿಲು ತೆಗೆದು ಕೂತರೆ ಸಾಕು, ಕೂತವರು ಯಾರು, ಅವರ ಮನಸ್ಸು ಇವತ್ತು ಹೇಗಿದೆ ಎಂದು ತಿಳಿದುಬಿಡುತ್ತಿತ್ತು. ಸಿಟ್ಟಿನಲ್ಲಿರುವವರು ಧೊಪ್ಪನೆ ಕೂರುತ್ತಾರೆ. ದುಃಖದಲ್ಲಿರುವವರು ಕೂತ ಮೇಲೆ ಇನ್ನೂ ಸ್ವಲ್ಪ ಇಳಿಯುತ್ತಾರೆ.

ನಾನು ಹುಟ್ಟಿದ್ದು ಬೆಂಕಿಯಲ್ಲಿ. ಉಕ್ಕಿನ ಸರಳನ್ನು ಕೆಂಪಗೆ ಕಾಯಿಸಿ, ಉರುಳೆಯೊಂದಕ್ಕೆ ಸುತ್ತಿ, ಬಿಸಿ ಆರುವ ಮೊದಲೇ ಎಣ್ಣೆಯಲ್ಲಿ ಅದ್ದಿದರು. ಆ ಚುಂಯ್ ಎಂಬ ಸದ್ದೇ ನನ್ನ ಮೊದಲ ಅಳು. ಆಮೇಲೆ ಯಂತ್ರವೊಂದು ನನ್ನನ್ನು ಸುರುಳಿಗೆ ಸುರುಳಿ ತಾಗುವಂತೆ ಅಮುಕಿ ಬಿಟ್ಟಿತು. ಎದ್ದೆ. ಮತ್ತೆ ಅಮುಕಿತು, ಮತ್ತೆ ಎದ್ದೆ. ಏಳದವರನ್ನು ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದರು. ಎಷ್ಟು ಬೇಕಾದರೂ ಬಗ್ಗು, ಆದರೆ ಏಳು: ನನಗೆ ಯಾರಾದರೂ ಕಲಿಸಿದ ಪಾಠ ಅಂದರೆ ಅದೊಂದೇ. ಸರಿಸಮ ಬಲದ ಇಬ್ಬರನ್ನು ಹುಡುಕಿ, ಇಬ್ಬರ ಮೈಮೇಲೂ ಎರಡೆರಡು ನೀಲಿ ಗೆರೆ ಎಳೆದು ಜೋಡಿ ಮಾಡಿದರು. ನನ್ನ ಜೊತೆಗಾರ ಬಲಗಾಲಿಗೆ ಹೋದ. ಜೋಡೆತ್ತಿನ ಹಾಗೆ ಒಂದೇ ನೊಗದಡಿ ಬದುಕಿದೆವು, ಒಬ್ಬರ ಮುಖ ಒಬ್ಬರು ನೋಡದೆ.

ಕಾರು ಕೊಂಡವರು ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿದ್ದ ಚನ್ನವೀರಪ್ಪ. ಅವರು ಬಲಗಡೆ ಮುಂದೆ ಕೂತು ಓಡಿಸುತ್ತಿದ್ದರು. ಪಕ್ಕದಲ್ಲಿ ಮಗಳು ಮಂದಾಕಿನಿ. ಅವರ ಹೆಂಡತಿ ಬಸಲಿಂಗವ್ವನದು ಮಾತ್ರ ಯಾವಾಗಲೂ ಹಿಂದಿನ ಎಡಗಡೆಯ ಸೀಟು, ಅಂದರೆ ನನ್ನ ನೆತ್ತಿಯ ಮೇಲೆ. "ಮುಂದ ಕುಂತ್ರ ಎದುರಿನ ಲಾರಿ ನನ್ನ ಉಡ್ಯಾಗ ಬಂದು ಬಿದ್ದಂಗ ಆಗತೈತಿ" ಅನ್ನುತ್ತಿದ್ದಳು. ಹಗುರ ಜೀವ. ಕೂತರೆ ನಾನು ಒಂದು ಬೆರಳಿನಷ್ಟೂ ಇಳಿಯುತ್ತಿರಲಿಲ್ಲ.

ಆಕೆಗೆ ಒಂದು ಚಾಳಿ ಇತ್ತು. ಏನಾದರೂ "ಚಲೋ ಐತಿ" ಅನ್ನುವುದು. ದಾರಿಯಲ್ಲಿ ಚಹಾ ಚೆಲ್ಲಿ ಸೀರೆ ನೆನೆದರೆ, "ಚಲೋ ಆತು ಬಿಡ್ರಿ, ಭಾಳ ಸುಡತಿತ್ತು." ಪಂಕ್ಚರಾಗಿ ಬಿಸಿಲಲ್ಲಿ ನಿಂತರೆ, "ಚಲೋ ಆತು, ಕಾಲು ಸಡಲ ಆದುವು." ಮಾಸ್ತರರು ನಗುತ್ತಿದ್ದರು: "ನಿನ್ನಂಥಾಕಿನ್ನ ಪರೀಕ್ಷಾ ತಪಾಸಣಿಗೆ ಕೂಡಿಸಿದ್ರ ಇಡೀ ಜಿಲ್ಲೆ ಪಾಸಾಗತಿತ್ತು."

ಹತ್ತು ವರ್ಷ ಹೀಗೆ ಸವೆಯಿತು. ನನ್ನ ಪಕ್ಕದಲ್ಲಿದ್ದ ಶಾಕ್ ಅಬ್ಸಾರ್ಬರ್ ಕೊನೆಗೆ ಎಣ್ಣೆ ಸೋರಿಸಿಕೊಂಡು ಸತ್ತೇಹೋಗಿತ್ತು. ಬಗ್ಗುವುದು, ಏಳುವುದು ನನ್ನ ಕೆಲಸ. ಎದ್ದವನನ್ನು ಹಿಡಿದು ನಿಲ್ಲಿಸುವುದು ಅವನ ಕೆಲಸ. ಅವನಿಲ್ಲದ ಮೇಲೆ ನಾನು ಕುಡುಕನ ಹಾಗೆ ತೂಗಾಡುತ್ತಿದ್ದೆ. ಮಾಸ್ತರರು ಗಮನಿಸಲಿಲ್ಲ, ರಸ್ತೆಗೇ ಬೈದರು.

ಮಾಸ್ತರರ ಹುಟ್ಟೂರಿಗೆ ಹೋಗುವ ದಾರಿಯಲ್ಲಿ ಒಂದು ತಿರುವು, ತಿರುವಿಗೆ ಅಂಟಿಕೊಂಡು ಒಂದು ಮೋರಿ. ಒಂದು ಮಧ್ಯಾಹ್ನ ಅಲ್ಲಿ ಎಡಗಡೆಯಿಂದ ಎಮ್ಮೆಯೊಂದು ರಸ್ತೆಗೆ ಬಂತು. ಮಾಸ್ತರರು ಬಲಕ್ಕೆ ಎಳೆದರು. ಇಡೀ ಕಾರು ನನ್ನ ಮೇಲೆ ವಾಲಿತು. ನಾನು ಬಗ್ಗಿದೆ. ಆಮೇಲೆ ಎದ್ದೆ. ಹಿಡಿಯುವವರಿಲ್ಲದ್ದರಿಂದ ಎದ್ದ ರಭಸಕ್ಕೆ ಕಾರಿನ ಬೆನ್ನು ಹೊಯ್ದಾಡಿ ಜಾರಿತು, ಮಾಸ್ತರರ ಕಡೆಯ ಬಾಗಿಲು ಮೋರಿಯ ಕಲ್ಲಿಗೆ ಬಡಿಯಿತು. ಹಿಂದೆ ಕೂತ ಬಸಲಿಂಗವ್ವನಿಗೆ, ಮುಂದೆ ಎಡಗಡೆ ಕೂತ ಮಂದಾಕಿನಿಗೆ ಒಂದು ತರಚು ಗಾಯವೂ ಇಲ್ಲ. ಮಾಸ್ತರರು ಅಲ್ಲೇ ಮುಗಿದರು. ಅವತ್ತು ಬಸಲಿಂಗವ್ವ "ಚಲೋ ಆತು" ಅನ್ನಲಿಲ್ಲ.

ಅವರ ಸಮಾಧಿ ಹುಟ್ಟೂರಿನ ಹೊಲದಲ್ಲೇ ಆಯಿತು. ಪ್ರತಿ ಅಮಾವಾಸ್ಯೆಗೆ ಅಲ್ಲಿ ಎಡೆ ಹಿಡಿಯಬೇಕು ಅಂದಳು ಬಸಲಿಂಗವ್ವ. ಕಾರು ರಿಪೇರಿಯಾಗಿ ಬಂತು, ಬಾಗಿಲು ಹೊಸದು, ನಾವು ಹಳಬರು. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಮಂದಾ, ಅಪ್ಪ ಕೂರುತ್ತಿದ್ದ ಸೀಟಿನಲ್ಲಿ ಕೂತು ಓಡಿಸುವುದನ್ನು ಕಲಿತಳು. ತಿಂಗಳಿಗೊಮ್ಮೆ ಅದೇ ರಸ್ತೆ, ಅದೇ ತಿರುವು, ಅದೇ ಮೋರಿ. ಅಲ್ಲಿಗೆ ಬಂದಾಗ ಅವಳು ಎತ್ತಿನ ಬಂಡಿಗಿಂತ ನಿಧಾನವಾಗುತ್ತಿದ್ದಳು. ಆದರೂ ಕಾರು ವಾಲುತ್ತಿತ್ತು, ಅವಳು ಮತ್ತೆ ಮತ್ತೆ ಬ್ರೇಕು ಒತ್ತುವುದು ಕಬ್ಬಿಣದ ಮೂಲಕ ನನ್ನವರೆಗೂ ಬರುತ್ತಿತ್ತು. ಹಿಂದಿನಿಂದ ಅವ್ವ, "ಚಲೋ ಹೊಡೀತಿ ಬಿಡು ಮಂದಾ, ಅಪ್ಪಗಿಂತ ಚಲೋ" ಅನ್ನುತ್ತಿದ್ದಳು. ಮನೆಯಲ್ಲಿ ಮಗಳು ಹಾಡುವುದು, ಗುನುಗುವುದು ನಿಂತೇಹೋಗಿದೆ ಎಂದು ಅವ್ವ ಒಮ್ಮೆ ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ಕೇಳಿದ್ದೆ.

ಮಂದಾಳ ತಲೆಯಲ್ಲಿ ಒಂದೇ ಹುಳ. ಕಾರು ವಾಲಬಾರದು. ಅವ್ವನನ್ನು ಕೂರಿಸಿಕೊಂಡು ಆ ತಿರುವಿನಲ್ಲಿ ಇನ್ನೊಮ್ಮೆ ವಾಲಬಾರದು.

ಒಂದು ದಿನ ದಸ್ತಗೀರಸಾಬರ ಗ್ಯಾರೇಜಿಗೆ ಬಂದಳು. ಮಾಸ್ತರರ ಕಾಲದಿಂದಲೂ ಕಾರು ನೋಡುತ್ತಿದ್ದ ಮುದುಕ ಮಿಸ್ತ್ರಿ. ಗಾಲಿ ಬಿಚ್ಚಿ, ನಮ್ಮಿಬ್ಬರನ್ನೂ ಬೆರಳಿನಿಂದ ತಟ್ಟಿ ನೋಡಿ ಹೇಳಿದರು: "ಶಾಕ್ ಅಬ್ಸಾರ್ಬರ್ ನಾಕೂ ಸತ್ತಾವು ಬೇಟಾ. ಅವನ್ನ ಒಗೀತೀನಿ, ಹೊಸಾವು ಹಾಕ್ತೀನಿ. ಸ್ಪ್ರಿಂಗ್ ಇನ್ನೂ ಜೀವಂತ ಅದಾವು, ಇರಲಿ."

"ಬ್ಯಾಡ್ರಿ ಚಾಚಾ. ಸ್ಪ್ರಿಂಗೂ ಬದಲಿ ಮಾಡ್ರಿ. ಬಿರುಸಾವು ಹಾಕ್ರಿ. ರೇಸಿನ ಗಾಡಿಗೆ ಹಾಕ್ತಾರಲ್ಲ, ಗಿಡ್ಡಾವು, ಅಂಥಾವು. ತಿರುವಿನ್ಯಾಗ ಕಾರು ಒಂದ ಚೂರೂ ವಾಲಬಾರದು."

"ರಸ್ತಿ ಕಚ್ಚಿ ಹಿಡೀತೈತಿ, ಖರೆ. ಆದ್ರ ಹಿಂದ ಯಾರ ಕುಂಡ್ರತಾರ?"

"ಅವ್ವ."

"ಹಂಗಾದ್ರ ಒಂದ ದಿನ ಅವ್ವನ್ನ ಕರಕೊಂಡ ಬಾ. ಕೂಡಿಸಿ ಒಂದ ಸುತ್ತು ಹೊಡದು ನೋಡೂಣು. ಸ್ಪ್ರಿಂಗ್ ಅಂದ್ರ ಅಂಗಿ ಇದ್ದಂಗ ಬೇಟಾ, ತೊಡೋರ ಮೈಮ್ಯಾಲ ಅಳತಿ ತಗೀಬೇಕು."

ಮಂದಾ ನಕ್ಕಳು. "ಅವ್ವನ್ನ ಏನ ಕೇಳ್ತೀರಿ ಚಾಚಾ? ಆಕಿಗೆ ವಿಷಾ ಕುಡಿಸಿದ್ರೂ ಚಲೋ ಐತಿ ಅಂತಾಳ."

ದಸ್ತಗೀರಸಾಬರೂ ನಕ್ಕುಬಿಟ್ಟರು. ಅಳತೆಯ ಮಾತು ಆ ನಗೆಯಲ್ಲಿ ಹೋಯಿತು.

ನಮ್ಮನ್ನು ಬಿಚ್ಚಿದರು. ಹೊಸಬರು ಬಂದರು: ಕೆಂಪು ಬಣ್ಣ, ದಪ್ಪ ಸರಳು, ಗಿಡ್ಡ ಮೈ. ಜೊತೆಗೆ ಗ್ಯಾಸು ತುಂಬಿದ ಶಾಕ್ ಅಬ್ಸಾರ್ಬರುಗಳು. ಮುಂದಿನ ಸೀಟುಗಳಲ್ಲಿ ಮಂದಾ ಮತ್ತು ಮಿಸ್ತ್ರಿ ಕೂತು ಪರೀಕ್ಷೆಗೆ ಹೋದರು. ಹಿಂದಿನ ಸೀಟು ಖಾಲಿ. ಮರಳಿ ಬಂದಾಗ ಮಂದಾ ಸಣ್ಣಗೆ ಏನೋ ಗುನುಗುತ್ತಿದ್ದಳು. "ಚಾಚಾ, ಹಳಿ ಮ್ಯಾಲೆ ಹೋದಂಗ ಹೋತು!" ಅಂದಳು.

ನಾನೂ ನನ್ನ ಜೊತೆಗಾರನೂ ಗ್ಯಾರೇಜಿನ ಹಲಗೆಯ ಮೇಲೆ ಅಕ್ಕಪಕ್ಕ ಕೂತೆವು. ಹನ್ನೊಂದು ವರ್ಷಗಳ ಮೇಲೆ ಮೊದಲ ಸಲ ಅವನ ಮುಖ ನೋಡಿದೆ. ನನ್ನದೇ ಮುಖ. ಅದೇ ನೀಲಿ ಗೆರೆ, ಅದೇ ತುಕ್ಕು. ಮನುಷ್ಯರ ಮುಖಗಳನ್ನೂ ಅಲ್ಲಿಂದಲೇ ಮೊದಲು ನೋಡಿದ್ದು.

ತಿಂಗಳೊಪ್ಪತ್ತಿನ ಮೇಲೆ ಆಯಿಲ್ ಬದಲಿಸಲು ಕಾರು ಬಂತು. ಹಿಂದಿನ ಎಡಬಾಗಿಲಿನಿಂದ ಹಣೆಗೆ ವಿಭೂತಿ ಹಚ್ಚಿದ, ಸಣ್ಣ ದೇಹದ ಹೆಂಗಸೊಬ್ಬಳು ಇಳಿದಳು. ಇಳಿಯುವಾಗ ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಸೊಂಟದ ಮೇಲೆ. ನೆಟ್ಟಗೆ ನಿಲ್ಲಲು ಆಕೆಗೆ ಎರಡು ಉಸಿರು ಬೇಕಾಯಿತು. ಮುಖ ನೋಡಿದ್ದೇ ಇಲ್ಲವಾದರೂ ಯಾರೆಂದು ನನಗೆ ಗೊತ್ತಾಯಿತು.

"ಹೆಂಗೈತ್ರಿ ಬಾಯಾರ, ಹೊಸಾ ಸ್ಪ್ರಿಂಗ್?" ಅಂದರು ದಸ್ತಗೀರಸಾಬರು.

ಬಸಲಿಂಗವ್ವ ಮಗಳ ಕಡೆ ನೋಡಿದಳು. ಮಂದಾ ಗುನುಗುತ್ತ ಗಾಜು ಒರೆಸುತ್ತಿದ್ದಳು. ಆಕೆ ಸೊಂಟದ ಮೇಲಿನ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ತೆಗೆದುಕೊಂಡಳು.

"ಭಾಳ ಚಲೋ ಐತ್ರಿ. ಹೂವಿನ ಮ್ಯಾಲೆ ಕುಂತಂಗ ಐತಿ."

ನಾನು ಹಲಗೆಯ ಮೇಲೆ ಇದ್ದೆ. ಬಾಯಿಲ್ಲ. ಇದ್ದಿದ್ದರೆ ಕೂಗುತ್ತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೆ ಕಂಬಾರನೊಬ್ಬ ಬಂದು ಉಳಿ ಬಡಿಯಲು ಒಳ್ಳೆಯ ಉಕ್ಕು ಕೇಳಿದ. ದಸ್ತಗೀರಸಾಬರು ಹಲಗೆಗೆ ಕೈ ಹಾಕಿ ಸಿಕ್ಕಿದ್ದೊಂದನ್ನು ಕೊಟ್ಟರು. ಕೈಗೆ ಸಿಕ್ಕಿದವನು ನನ್ನ ಜೊತೆಗಾರ. ಅವನೀಗ ಯಾವುದೋ ಕಲ್ಲನ್ನು ಒಡೆಯುತ್ತಿರಬಹುದು.

ಮೂರು ತಿಂಗಳು ಮಂದಾ ಬರಲಿಲ್ಲ. ಬಂದಾಗ ಒಬ್ಬಳೇ ಬಂದಳು. ಗುನುಗುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಕೀಲಿಕೈಯನ್ನೇ ತಿರುಗಿಸುತ್ತಿದ್ದಳು.

"ಆ ತಿರುವು ಚಲೋತ್ನ್ಯಾಗ ದಾಟಿದೆ ಚಾಚಾ. ಒಂದ ಚೂರೂ ವಾಲಲಿಲ್ಲ. ಖುಷಿಯಾಗಿ ಸ್ವಲ್ಪ ಜೋರ ಹೊಡದೆ. ಮುಂದ ಒಂದ ಹಂಪು. ಬಣ್ಣ ಇಲ್ಲ, ಬೋರ್ಡ ಇಲ್ಲ, ಕಾಣಲೇ ಇಲ್ಲ. ನನಗೇನೂ ಆಗಲಿಲ್ಲ, ಒಂದ ಸಣ್ಣ ಏಟು ಅಷ್ಟ. ಹಿಂದ ಅವ್ವ ಹಾ ಅಂದ್ಲು. ಏನಾತು ಬೇ ಅಂದೆ. ಏನಿಲ್ಲ, ನಡಿ ನಡಿ, ಚಲೋ ಐತಿ ಅಂದ್ಲು. ಹೊಲಾ ಮುಟ್ಟಿದ ಮ್ಯಾಲೆ ಇಳೀಲಿಕ್ಕೆ ಬರಲಿಲ್ಲ ಆಕಿಗೆ."

"ಯಾ ಅಲ್ಲಾ" ಅಂದರು ದಸ್ತಗೀರಸಾಬರು.

"ಎಲುಬು ಮೊದಲ ಸವದಿದ್ವಂತ. ಬೆನ್ನಾಗಿಂದು ಒಂದ ಮಣಿ ಕುಸದೈತಿ ಅಂದ್ರು ಡಾಕ್ಟರು. ಅವತ್ತಿಂದ ಮಲಗ್ಯಾಳ. ಒಂದ ಮಾತ ಅಂತಾಳ, ಬರೂ ಅಮಾಸಿಗೆ ಅಪ್ಪನ ಸಮಾಧಿಗೆ ಕರಕೊಂಡ ಹೋಗು ಅಂತ. ಒಂದ ಸಲಾ ಸಾಕು ಅಂತಾಳ. ಹಳೇ ಸ್ಪ್ರಿಂಗ್ ಹಾಕಿ ಕೊಡ್ರಿ ಚಾಚಾ. ಮೆತ್ತಗಿದ್ದುವು ಅವು."

ದಸ್ತಗೀರಸಾಬರು ಎದ್ದು ಹಲಗೆಯ ಮೇಲೆಲ್ಲ ಕೈಯಾಡಿಸಿದರು. ನಾನು ಸಿಕ್ಕಿದೆ. ಇನ್ನೊಂದಕ್ಕಾಗಿ ಡಬ್ಬಿಗಳ ಹಿಂದೆ, ಮೇಜಿನ ಕೆಳಗೆ ಹುಡುಕಿದರು. ಆಮೇಲೆ ನೆನಪಾಗಿ ಹಾಗೇ ನಿಂತುಬಿಟ್ಟರು.

"ಒಂದನ್ನ ಹಾಕಾಕ ಬರೂದಿಲ್ಲ ಬೇಟಾ. ಒಂದ ಕಡೆ ಮೆತ್ತಗ, ಒಂದ ಕಡೆ ಬಿರುಸು ಆದ್ರ ಗಾಡಿ ಉಳ್ಳಾಡತೈತಿ. ಎಂಟ ದಿನಾ ಕೊಡು. ಇದ ಅಳತೀದು ಹೊಸಾ ಜೋಡಿ ತರಸ್ತೀನಿ."

ಅಮಾವಾಸ್ಯೆಗೆ ನಾಲ್ಕೇ ದಿನ ಇತ್ತು. ಮಂದಾ ಅವರ ಕೈಯಿಂದ ನನ್ನನ್ನು ತೆಗೆದುಕೊಂಡು, ಹಿಂದಿನ ಎಡಗಡೆಯ ಸೀಟಿನ ಮೇಲೆ ಇಟ್ಟು ಮನೆಗೆ ಒಯ್ದಳು. ಆ ಸೀಟಿನ ಮೇಲೆ ನಾನು ಕೂತದ್ದು ಅದೊಂದೇ ಸಲ. ಎಂಥ ಏಟು! ದಾರಿಯ ಒಂದೊಂದು ಹರಳೂ ಗಡಗಡ ಅಂದು ಮೈಗೆ ಬಂತು. ಉಕ್ಕಿನವನು ನಾನು, ನನಗೇ ತಾಳಲಾಗಲಿಲ್ಲ.

ಮನೆಯಲ್ಲಿ ನನಗೊಂದು ಕೆಲಸ ಸಿಕ್ಕಿತು. ಬಸಲಿಂಗವ್ವ ಗಿಡ್ಡ ಮಂಚದ ಮೇಲೆ ಮಲಗಿದ್ದಳು. ನೆಲದ ಮೇಲಿನ ನೀರಿನ ಗಡಿಗೆಗೆ ಆಕೆಯ ಕೈ ಎಟುಕುತ್ತಿರಲಿಲ್ಲ, ಬಗ್ಗಲು ಬೆನ್ನು ಬಿಡುತ್ತಿರಲಿಲ್ಲ. ಮಂದಾ ನನ್ನನ್ನು ತೊಳೆದು, ಒರೆಸಿ, ಮಂಚದ ಪಕ್ಕದ ಮೂಲೆಗೆ ನಿಲ್ಲಿಸಿ, ನನ್ನ ನೆತ್ತಿಯ ಮೇಲೆ ಗಡಿಗೆ ಇಟ್ಟಳು. ಸಿಂಬಿಯ ಮೇಲೆ ಕೂತಂತೆ ಗಟ್ಟಿಯಾಗಿ ಕೂತಿತು. ಅವ್ವನ ಕೈಗೆ ಲೋಟ ಸಲೀಸಾಗಿ ಎಟುಕಿತು. "ಚಲೋ ಆತು ನೋಡು" ಅಂದಳು ಆಕೆ. ಮಂದಾ ಸರ್ರನೆ ಅಡಿಗೆಮನೆಗೆ ಹೋಗಿಬಿಟ್ಟಳು.

ಮತ್ತೆ ನಾನು ತೂಕದ ಲೋಕಕ್ಕೆ ಬಂದೆ. ಬೆಳಿಗ್ಗೆ ತುಂಬಿದ ಗಡಿಗೆ. ಒಂದು ಲೋಟ ಕುಡಿದರೆ ನಾನು ಕೂದಲೆಳೆಯಷ್ಟು ಏಳುತ್ತಿದ್ದೆ. ಮೊದಮೊದಲು ದಿನಕ್ಕೆ ಆರು ಸಲ. ಆಮೇಲೆ ನಾಲ್ಕು. ಆ ಅಮಾವಾಸ್ಯೆ ಬಂತು, ಹೋಯಿತು. ಮಂಚದ ಮೇಲಿಂದಲೇ ಆಕೆ ಕೈಮುಗಿದಳು.

ಹೇಳಿದ ಎಂಟನೆಯ ದಿನ ದಸ್ತಗೀರಸಾಬರು ತಾವೇ ಬಂದು, ಅಂಗಳದಲ್ಲಿ ಕಾರಿನಡಿ ತೂರಿಕೊಂಡು ಮೆತ್ತನೆಯ ಹೊಸ ಜೋಡಿ ಹಾಕಿದರು. ಕೈ ತೊಳೆದು ಒಳಗೆ ಬಂದು ಮಂಚದ ಪಕ್ಕ ಕೂತರು. ಮಂದಾ ಲ್ಯಾಬಿಗೆ ಹೋಗಿದ್ದಳು.

"ಬಾಯಾರ, ಸಿಟ್ಟಾಗಬ್ಯಾಡ್ರಿ. ಅವತ್ತ ನಾ ನಿಮ್ಮನ್ನ ಕೇಳಿದ್ದೆ. ನಿಮಗ ಆಗಲೇ ನೋವಿತ್ತೇನು?"

ಬಸಲಿಂಗವ್ವ ಗಡಿಗೆಯ ಕಡೆ ಮುಖ ತಿರುಗಿಸಿದಳು.

"ಮೊದಲನೇ ದಿನದಿಂದಾನೂ ಇತ್ತು ಸಾಬಣ್ಣ. ಆದ್ರ ಅವರು ಹೋದ ಮ್ಯಾಲೆ ಆ ಹುಡುಗಿ ಬಾಯಾಗ ಒಂದ ಹಾಡು ಬಂದಿರಲಿಲ್ಲ. ಆ ಸ್ಪ್ರಿಂಗ್ ಹಾಕಿಸಿದ ದಿನಾ ಗುನುಗಿಕೋತ ಮನೀಗೆ ಬಂದ್ಲು. ಹೆಂಗ ಹೇಳ್ಲಿ?"

ದಸ್ತಗೀರಸಾಬರು ತಲೆ ತಗ್ಗಿಸಿದರು.

"ಆಕಿಗೆ ಹೇಳಬ್ಯಾಡ್ರಿ. ಹೇಳಿದ್ರ ನಮ್ಮ ಮಾಸ್ತರ ಮ್ಯಾಲಿನ ಆಣಿ."

ಮುದುಕ ತಲೆಯಾಡಿಸಿದರು. ಹೋಗುವಾಗ ನನ್ನನ್ನೊಮ್ಮೆ ನೋಡಿದರು. ಮೈಮೇಲಿನ ನೀಲಿ ಗೆರೆ ಗುರುತಾಗಿರಬೇಕು. ಕೈ ಮುಂದೆ ಮಾಡಿ ಮುಟ್ಟದೆಯೇ ಹೊರಟರು.

ಬರುವ ಅಮಾವಾಸ್ಯೆಗೆ ಹೋಗೋಣ ಎಂದು ಮಂದಾ ದಿನವೂ ಹೇಳುತ್ತಿದ್ದಳು. ದಿಂಬು ಕೊಟ್ಟು ಕೂರಿಸಲು ನೋಡುತ್ತಿದ್ದಳು. ಕಾರು ಸಿದ್ಧವಾಗಿತ್ತು, ಬೆನ್ನು ಸಿದ್ಧವಾಗಲಿಲ್ಲ. ನನ್ನ ಸುರುಳಿಗಳನ್ನು ಎಷ್ಟು ಅಮುಕಿದರೂ ಎದ್ದಿವೆ. ಆಕೆಯ ಮೈಯೊಳಗೆ ಒಂದೇ ಒಂದು ಮಣಿ ಒಂದೇ ಒಂದು ಸಲ ಬಗ್ಗಿತು, ಏಳಲಿಲ್ಲ. ನಾಲ್ಕು ಲೋಟ ಎರಡಾಯಿತು. ಎರಡು, ಒಂದಾಯಿತು. ಒಂದು ದಿನ ಬೆಳಿಗ್ಗೆ ಇಟ್ಟ ಗಡಿಗೆ ಮಧ್ಯಾಹ್ನದವರೆಗೂ ಅಷ್ಟೇ ಭಾರ ಇತ್ತು. ಸಂಜೆಯೂ ಅಷ್ಟೇ. ಮಂದಾ ಲ್ಯಾಬಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಗೊತ್ತಿತ್ತು.

ಅಮಾವಾಸ್ಯೆಗೆ ಮಂದಾ ಒಬ್ಬಳೇ ಎಡೆ ತೆಗೆದುಕೊಂಡು ಹೋದಳು. ಈಗ ಅಲ್ಲಿ ಸಮಾಧಿ ಎರಡು. ಅಂಗಳದಿಂದ ರಸ್ತೆಗೆ ಇಳಿಯುವಾಗ ಕಾರು ಮೆತ್ತಗೆ ತೂಗಿದ ಸದ್ದು ಕೇಳಿತು. ಹಿಂದಿನ ಸೀಟಿಗೆ ಬೇಕಾಗಿದ್ದದ್ದು ಅದೇ ಮೆದುತನ.

ನಾನು ಇಲ್ಲೇ ಮೂಲೆಯಲ್ಲಿದ್ದೇನೆ. ತಳದಲ್ಲಿ ತುಕ್ಕು ಹತ್ತಿದೆ, ನೀಲಿ ಗೆರೆ ಅಳಿಸುತ್ತ ಬಂದಿದೆ. ಒಮ್ಮೆ ನಾನು ಬಗ್ಗಿ ಎದ್ದ ರಭಸಕ್ಕೆ ಒಂದು ಜೀವ ಹೋಯಿತು. ಇನ್ನೊಮ್ಮೆ, ಬಗ್ಗಲು ನಾನು ಅಲ್ಲಿ ಇರಲಿಲ್ಲ. ಯಾವುದು ನನ್ನ ತಪ್ಪು ಎಂದು ಯಾರೂ ನನ್ನನ್ನು ಕೇಳಿಲ್ಲ. ಕೇಳಿದರೂ ನಾನು ಹೇಳಬಹುದಾದ ಮಾತನ್ನು ಮುದುಕಿ ಆಣೆ ಹಾಕಿ ಕಟ್ಟಿಹೋಗಿದ್ದಾಳೆ.

ಮಂದಾ ಈಗಲೂ ದಿನಾ ಬೆಳಿಗ್ಗೆ ಗಡಿಗೆ ತೊಳೆದು ತುಂಬಿಸಿ ನನ್ನ ನೆತ್ತಿಯ ಮೇಲೆ ಇಡುತ್ತಾಳೆ. ಮಂಚ ಖಾಲಿ. ಇಟ್ಟು, ಲೋಟವನ್ನು ಬೋರಲು ಹಾಕಿ, ಕೆಲಸಕ್ಕೆ ಹೋಗುತ್ತಾಳೆ. ನಾನು ಇಡೀ ದಿನ ಕಾಯುತ್ತೇನೆ, ಒಂದು ಕೂದಲೆಳೆಯಷ್ಟು ಏಳಲು.