ಸ್ಟೆಪ್ನಿ ಕವರಿನ ತಳದ ತೂತು

ನಮ್ಮ ಬೀದಿಯ ದರ್ಜಿ ಅಕ್ಕನಿಗೆ ಎಲ್ಲಾದರೂ ತೂತು ಕಂಡರೆ ಮುಗಿಯಿತು, ಸೂಜಿ ತಾನಾಗಿ ಕೈಗೆ ಬರುತ್ತದೆ. ಅವಳ ಗಂಡ ಶಾಲೆ ಮಕ್ಕಳ ವ್ಯಾನು ಓಡಿಸುತ್ತಾನೆ. ವ್ಯಾನಿನ ಹಿಂಬದಿಯ ಸ್ಟೆಪ್ನಿಗೆ, ಅಂದರೆ ಹೆಚ್ಚುವರಿ ಚಕ್ರಕ್ಕೆ, ದಪ್ಪ ರೆಕ್ಸಿನ್ ಕವರು ತಂದ. ಅದರ ತಳದಲ್ಲಿ ಎರಡು ತೂತು.

"ದುಡ್ಡು ಕೊಟ್ಟು ತೂತು ತಂದ್ರಾ?" ಎಂದು ನಕ್ಕ ಅಕ್ಕ, ಅದೇ ಬಣ್ಣದ ತೇಪೆ ಇಟ್ಟು ಎರಡೆರಡು ಹೊಲಿಗೆ ಹಾಕಿದಳು. ಹುಡುಕಿದರೂ ತೇಪೆ ಕಾಣದು, ಅಷ್ಟು ಅಚ್ಚುಕಟ್ಟು.

ತಿಂಗಳೊಪ್ಪತ್ತಿನಲ್ಲಿ ಅವರ ಮಗಳಿಗೆ ಡೆಂಗಿ ಬಂತು. ಆರು ದಿನ ಆಸ್ಪತ್ರೆ. ಮನೆಗೆ ಬಂದ ಮಗು ನಾಲ್ಕು ಮೆಟ್ಟಿಲು ಹತ್ತಲು ಎರಡು ಸಲ ಕೂತಿತು.

ಮರುದಿನ ಆರೋಗ್ಯ ಕಾರ್ಯಕರ್ತೆ ಬಂದರು. ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಭಾಗ ಎಲ್ಲ ನೋಡಿದರು. ಎಲ್ಲೂ ಸೊಳ್ಳೆಯ ಮರಿಹುಳು ಇಲ್ಲ.

"ನಮ್ಮನೇಲಿ ಸೊಳ್ಳೆಗೆ ಜಾಗ ಎಲ್ಲಿದೆ ಮೇಡಂ? ಆ ಚರಂಡಿ ನೋಡಿ ಮೊದ್ಲು" ಎಂದ ಚಾಲಕ.

"ಡೆಂಗಿ ಸೊಳ್ಳೆಗೆ ನಿಂತ ತಿಳಿನೀರು ಇಷ್ಟ ಅಣ್ಣಾ. ವ್ಯಾನು ದಿನಾ ತೊಳೀತೀರಾ?"

"ಮತ್ತೆ? ಕನ್ನಡಿ ಹಾಗೆ ಇಟ್ಟಿದೀನಿ!"

ಅವರು ವ್ಯಾನಿನ ಹಿಂದೆ ಹೋಗಿ ಸ್ಟೆಪ್ನಿ ಕವರಿನ ತಳವನ್ನು ಅಂಗೈಯಿಂದ ಮೇಲಕ್ಕೆ ಒತ್ತಿದರು. ಒಳಗೆ ಗುಳುಗುಳು ಸದ್ದು.

"ಗಟ್ಟಿ ಹೊಲಿಗೆ ಮೇಡಂ, ಹನಿ ನೀರೂ ಹೋಗಲ್ಲ" ಎಂದ ಆತ.

"ಅಂಚಿನ ಸಂದೀಲಿ ಹೋಗತ್ತೆ. ಹೋಗಿದ್ದು ಹೊರಗೆ ಬರೋಕೇ ದಾರಿ ಇಲ್ಲ."

ಕವರು ಬಿಚ್ಚಿ ನೀರನ್ನು ಬಿಳಿ ಬಟ್ಟಲಿಗೆ ಸುರಿದರು. ದಾರದ ತುಣುಕಿನಂಥ ಹುಳುಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಆಯಿತು ಇದು.

"ಒಂದು ಲೋಟ ನೀರಿಗೆ ಇಷ್ಟು ಗಾಬರಿ ಯಾಕೆ? ಮಗಳಿಗೆ ಒಂದ್ಸಲ ಬಂದು ಹೋಯ್ತಲ್ಲ, ಇನ್ನು ಬರಲ್ಲ" ಎಂದ ಆತ. ದನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಮತ್ತೆ ಬರಬಹುದು ಅಣ್ಣಾ. ಎರಡನೇ ಸಲ ಇನ್ನೂ ಜೋರಾಗಿರಬಹುದು. ವಾರ ಹತ್ತು ದಿನದಲ್ಲಿ ಈ ಹುಳುಗಳಿಗೆ ರೆಕ್ಕೆ ಬರತ್ತೆ. ನಿಮ್ಮ ವ್ಯಾನಲ್ಲಿ ಕೂರೋರೆಲ್ಲ ಮಕ್ಕಳೇ."

ಅಕ್ಕನ ಮುಖ ಇಳಿದುಹೋಯಿತು. "ತಳದಲ್ಲಿ ಎರಡು ತೂತು ಇತ್ತು, ಮುಚ್ಚಿದವಳು ನಾನೇ, ಮೇಡಂ."

"ಅದು ಹರಕು ಅಲ್ಲ ಅಕ್ಕಾ, ನೀರು ಇಳಿಯೋಕೆ ಬಿಟ್ಟಿದ್ದು. ಮಗೂಗೆ ಕಚ್ಚಿದ್ದು ಇಲ್ಲಿನ ಸೊಳ್ಳೇನೇ ಅಂತ ಯಾರೂ ಹೇಳೋಕಾಗಲ್ಲ. ಮುಂದಿನದು ಮಾತ್ರ ನಮ್ಮ ಕೈಲಿದೆ."

ಅಕ್ಕ ಒಳಗಿನಿಂದ ಕತ್ತರಿ ತಂದಳು. ಗಂಡನಿಗೆ ಮನಸ್ಸು ಒಪ್ಪಲಿಲ್ಲ. "ಇಷ್ಟು ಚೆನ್ನಾಗಿ ಹೊಲ್ದಿದೀಯಲ್ಲೇ, ಕೀಳ್ತೀಯಾ?"

"ಹೊಲಿಗೆ ಹೋದ್ರೆ ಇನ್ನೊಂದು ಹಾಕ್ತೀನಿ ರೀ. ಮಗು ಹೋದ್ರೆ?"

ಅಕ್ಕ ತೇಪೆ ಕಿತ್ತಳು. ಆತ ಬ್ರಷ್ಷು ಹಿಡಿದು ಕವರಿನ ಒಳಗೋಡೆ, ಟೈರಿನ ಒಳಸುತ್ತು ಎರಡನ್ನೂ ಉಜ್ಜಿದ. ಮೊಟ್ಟೆಗಳು ಗೋಡೆಗೇ ಅಂಟಿರುತ್ತವೆ, ನೀರು ಚೆಲ್ಲಿದರಷ್ಟೇ ಸಾಲದು ಎಂದು ಕಾರ್ಯಕರ್ತೆ ಹೇಳಿದ್ದರು. ಆಮೇಲೆ ಕವರನ್ನು ಬಿಸಿಲಿಗೆ ಹರವಿದ. ಈಗ ಅವನಿಗೆ ಅದು ವಾರದ ಕೆಲಸ.

ನಿಮ್ಮ ಜೀಪು, ವ್ಯಾನಿನ ಹಿಂದೆಯೂ ಕವರು ತೊಟ್ಟ ಸ್ಟೆಪ್ನಿ ಇದೆಯೇ? ತಳದ ತೂತು ತೆರೆದಿದೆಯೇ, ಕೆಸರು ಕಟ್ಟಿಲ್ಲವೇ ನೋಡಿ. ತೂತು ಕೆಳಮುಖವಾಗಿಯೇ ಇರಲಿ. ಮಳೆ ಬಂದಾಗ, ವಾಹನ ತೊಳೆದಾಗ ಕವರು ಬಿಚ್ಚಿ ನೀರು ಚೆಲ್ಲಿ. ವಾರಕ್ಕೊಮ್ಮೆ ಉಜ್ಜಿ ಒಣಗಿಸಿ. ಐದು ನಿಮಿಷವೂ ಬೇಡ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಬೇಡ, ಈ ಹಾಳೆ ಮಡಚಿಟ್ಟು ಈಗಲೇ ಎದ್ದು ಹೋಗಿ ನೋಡಿ.